ಟೈರು ಬದಲಾಯಿತು, ಡ್ರೈವರ್ ಕಳ್ಳನಾದ

ಕಳೆದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ನಾನು ಅಂಗಡಿಯ ಶಟರ್ ಎತ್ತುವ ಮೊದಲೇ ಇಬ್ಬರು ಜಗಳ ಆಡುತ್ತಾ ನಿಂತಿದ್ದರು. ಒಬ್ಬರು ಲಾರಿ ಮಾಲೀಕರು, ಇನ್ನೊಬ್ಬ ಅವರ ಡ್ರೈವರ್. ಮಾಲೀಕರ ಕೈಯಲ್ಲಿ ಡೀಸೆಲ್ ಲೆಕ್ಕದ ಪುಸ್ತಕ.

"ನೀವೇ ನೋಡ್ರಿ ಮೇಸ್ತ್ರಿ. ಎರಡು ತಿಂಗಳಿಂದ ಪ್ರತಿ ಟ್ರಿಪ್ಪಿಗೂ 4 ಲೀಟರ್ ಮಾರ್ಕೊಂತಿದಾನೆ ಇವನು."

ಡ್ರೈವರ್ ಏನೂ ಮಾತಾಡಲಿಲ್ಲ. ಅವನ ಟ್ರಿಪ್ ಭತ್ಯೆಯಲ್ಲಿ ಆಗಲೇ ದುಡ್ಡು ಹಿಡಿದಾಗಿತ್ತು.

ಪುಸ್ತಕ ನೋಡಿದೆ. ದಾವಣಗೆರೆಯಿಂದ ಬೆಂಗಳೂರಿಗೆ ಹೋಗಿ ಬರುವ ಲೋಡು. ಮೊದಲು ಮೀಟರಿನಲ್ಲಿ 520 ಕಿ.ಮೀ. ಬರುತ್ತಿತ್ತು, 130 ಲೀಟರ್ ಹಿಡಿಯುತ್ತಿತ್ತು. ಲೀಟರಿಗೆ 4 ಕಿ.ಮೀ. ಈಗ ಅದೇ ದಾರಿ, ಅದೇ 130 ಲೀಟರ್, ಆದರೆ ಮೀಟರಿನಲ್ಲಿ 503. ಮಾಲೀಕರ ಲೆಕ್ಕ ಸರಳ: 503ನ್ನು 4ರಿಂದ ಭಾಗಿಸು, ಸುಮಾರು 126 ಲೀಟರ್ ಸಾಕು, ಉಳಿದ 4 ಲೀಟರ್ ಎಲ್ಲಿ?

ನಾನು ಕೇಳಿದ್ದು ಒಂದೇ ಮಾತು. "ಟೈರು ಯಾವಾಗ ಬದಲಾಯಿಸಿದ್ರಿ?"

"ಎರಡು ತಿಂಗಳಾಯ್ತು. 9.00 ಸೈಜು ತೆಗೆದು ಅದಕ್ಕಿಂತ ದೊಡ್ಡ 10.00 ಹಾಕ್ಸಿದೀನಿ, ರಿಮ್ ಸಮೇತ. ಅದಕ್ಕೂ ಇದಕ್ಕೂ ಏನು ಸಂಬಂಧ?"

ಇಪ್ಪತ್ತು ವರ್ಷದಿಂದ ಲಾರಿಗಳ ಮೀಟರ್, ವೈರಿಂಗ್, ವೇಗ ಮಿತಿ ಮೀರದಂತೆ ತಡೆಯುವ ಸ್ಪೀಡ್ ಗವರ್ನರ್ ಕೆಲಸ ಮಾಡುತ್ತಿದ್ದೇನೆ. ಈ ಸಂಬಂಧ ವಿವರಿಸಿ ವಿವರಿಸಿ ಬಾಯಿ ಸೋತಿದೆ. ಬೆಂಗಳೂರು ಈಗ ಹತ್ತಿರ ಬಂದುಬಿಟ್ಟಿದೆಯೇ ಅಂತ ಒಬ್ಬರೂ ಯೋಚಿಸುವುದಿಲ್ಲ. ದಾರಿ ಅಷ್ಟೇ ಉದ್ದ ಇದೆ ಎಂದರೆ 17 ಕಿ.ಮೀ. ಕಡಿಮೆ ಎಣಿಸಿದ್ದು ಮೀಟರ್ ತಾನೇ? ಡ್ರೈವರ್ ಮೇಲೆ ಅನುಮಾನ ಬರುತ್ತದೆ, ಮೀಟರ್ ಮೇಲೆ ಬರುವುದಿಲ್ಲ.

ಮೀಟರಿಗೆ ರಸ್ತೆ ಕಾಣುವುದಿಲ್ಲ. ಟೈರೂ ಕಾಣುವುದಿಲ್ಲ. ನಾನು ನೋಡುವ ಹೆಚ್ಚಿನ ಲಾರಿಗಳಲ್ಲಿ ಅದರ ಸೆನ್ಸರ್ ಇರುವುದು ಗೇರ್ ಬಾಕ್ಸಿನ ಹಿಂದಿನ ತುದಿಯಲ್ಲಿ. ಹಳೆಯ ಗಾಡಿಯಾದರೆ ಅಲ್ಲಿಂದ ಕೇಬಲ್ ಬರುತ್ತದೆ, ಹೊಸದಾದರೆ ವೈರ್. ಶಾಫ್ಟ್ ಎಷ್ಟು ಸುತ್ತು ತಿರುಗಿತು ಎಂದು ಅದು ಎಣಿಸುತ್ತದೆ, ಅಷ್ಟೇ. ಇಷ್ಟು ಸುತ್ತಿಗೆ ಇಷ್ಟು ದೂರ ಎಂದು ಕಂಪನಿಯವರು ಒಂದು ಲೆಕ್ಕ ಕೂರಿಸಿರುತ್ತಾರೆ. ಆ ಲೆಕ್ಕ ಕೂರಿಸಿದ್ದು ಆಗ ಇದ್ದ ಟೈರಿಗೆ.

ಹೂ ಮಾರುವ ಅಜ್ಜಿಯನ್ನು ನೆನೆಸಿಕೊಳ್ಳಿ. ಅವರು ಮೊಳದಲ್ಲಿ ಅಳೆದು ಕೊಡುತ್ತಾರೆ. ಒಂದು ದಿನ ಅಜ್ಜಿಯ ಬದಲು ಎತ್ತರದ ಮೊಮ್ಮಗ ಕೂತಿದ್ದಾನೆ, ಅವನ ಕೈ ಉದ್ದ. ನೀವು ಕಣ್ಣು ಮುಚ್ಚಿಕೊಂಡು ಒಂದು ಮೊಳ, ಎರಡು ಮೊಳ ಎಂದು ಎಣಿಸುತ್ತಿದ್ದೀರಿ. ಹತ್ತು ಮೊಳ ಆಯಿತು. ನಿಮ್ಮ ಮನಸ್ಸಿನಲ್ಲಿರುವುದು ಅಜ್ಜಿಯ ಹತ್ತು ಮೊಳ. ಬುಟ್ಟಿಗೆ ಬಿದ್ದ ಹೂವು ಅದಕ್ಕಿಂತ ಜಾಸ್ತಿ. ಎಣಿಕೆ ತಪ್ಪಿಲ್ಲ, ಮೊಳ ಬದಲಾಗಿದೆ. ಕಣ್ಣು ಮುಚ್ಚಿಕೊಂಡು ಎಣಿಸುತ್ತಿರುವುದೇ ನಿಮ್ಮ ಮೀಟರ್.

ಇಲ್ಲಿಗೆ ಬಂದಾಗ ಹತ್ತರಲ್ಲಿ ಎಂಟು ಜನ ಹೇಳುವುದು ಹೀಗೆ: "ಸರಿ ಮೇಸ್ತ್ರಿ, ಟೈರು ದೊಡ್ಡದಾದ್ರೆ ಮೀಟರ್ ಜಾಸ್ತಿ ತೋರಿಸುತ್ತೆ, ಅಲ್ವಾ?"

ಅಲ್ಲ, ಉಲ್ಟಾ. ಟೈರು ದೊಡ್ಡದಾದರೆ ಮೀಟರ್ ಕಡಿಮೆ ತೋರಿಸುತ್ತದೆ, ಗಾಡಿ ಜಾಸ್ತಿ ಓಡುತ್ತದೆ. ಟೈರು ಚಿಕ್ಕದಾದರೆ ಮೀಟರ್ ಜಾಸ್ತಿ ತೋರಿಸುತ್ತದೆ, ಗಾಡಿ ಕಡಿಮೆ ಓಡುತ್ತದೆ. ಒಂದು ಕಿಲೋಮೀಟರ್ ಮುಗಿಸಲು ದೊಡ್ಡ ಟೈರಿಗೆ ಕಡಿಮೆ ಸುತ್ತು ಸಾಕು. ಸುತ್ತು ಕಡಿಮೆಯಾದರೆ ಮೀಟರಿಗೆ ಸಿಗುವ ಎಣಿಕೆಯೂ ಕಡಿಮೆ. ಒಪ್ಪದಿದ್ದವರು ಹೂವಿನ ಅಂಗಡಿಗೆ ವಾಪಸ್ ಹೋಗಿ ಬನ್ನಿ.

ಎಷ್ಟು ವ್ಯತ್ಯಾಸ? 9.00-20 ಟೈರಿನ ಹೊರಗಿನ ಅಡ್ಡಳತೆ ಸುಮಾರು 1020 ಮಿ.ಮೀ., 10.00-20ರದ್ದು ಸುಮಾರು 1055. ಕಂಪನಿಯಿಂದ ಕಂಪನಿಗೆ ಸ್ವಲ್ಪ ಹೆಚ್ಚು ಕಡಿಮೆ ಇರುತ್ತದೆ. ಶೇಕಡಾ ಮೂರೂವರೆ ಅನ್ನಿ. ಮೀಟರ್ 80 ತೋರಿಸುವಾಗ ಗಾಡಿ 83ರ ಹತ್ತಿರ ಇರುತ್ತದೆ. ಬೆಂಗಳೂರಿಗೆ ಹೋಗಿ ಬಂದರೆ 17 ಕಿ.ಮೀ. ಮಾಯ.

ಇನ್ನೊಂದು ಗುಂಪಿನವರಿದ್ದಾರೆ, ಟ್ಯೂಬ್‌ಲೆಸ್‌ಗೆ ಬದಲಾಯಿಸಿದವರು. "20 ಇಂಚಿಂದ 22.5ಕ್ಕೆ ಹಾಕ್ಸಿದೀನಿ, ಎರಡೂವರೆ ಇಂಚು ದೊಡ್ಡದಾಯ್ತು, ಮೀಟರ್ ಸೆಟ್ ಮಾಡಿಕೊಡಿ" ಎಂದು ಬರುತ್ತಾರೆ. ದೊಡ್ಡದಾಗಿದ್ದು ರಿಮ್ಮು ಸ್ವಾಮಿ, ಟೈರಲ್ಲ. 295/80 ಆರ್ 22.5 ಎಂದರೆ ಟೈರಿನ ಅಗಲ 295 ಮಿ.ಮೀ., ಗೋಡೆಯ ಎತ್ತರ ಅದರ ನೂರಕ್ಕೆ 80, ಅಂದರೆ 236. ಮೇಲೊಂದು ಕೆಳಗೊಂದು ಸೇರಿ 472. ರಿಮ್ಮಿನ ಇಂಚನ್ನು ಮಿ.ಮೀ. ಮಾಡಿದರೆ 571.5. ಕೂಡಿದರೆ 1044ಕ್ಕೆ ಚೂರು ಕಡಿಮೆ. ಅವರು ತೆಗೆದ 10.00 ಆರ್ 20 ಟೈರೇ ಇದಕ್ಕಿಂತ ಒಂದು ಚೂರು ಎತ್ತರ! ಅದಕ್ಕೆಲ್ಲ ಮೀಟರ್ ಬಿಚ್ಚುವುದು ಸುಮ್ನೆ ದುಡ್ಡು ದಂಡ. 295/90 ಆರ್ 20 ಹಾಕಿಸಿದವರಿಗೂ ಇದೇ ಮಾತು.

ಮುಂದಿನ ಎರಡೇ ಟೈರು ಬದಲಾಯಿಸಿ ಬರುವವರೂ ಇದ್ದಾರೆ. ಮೀಟರ್ ಎಣಿಸುವ ಶಾಫ್ಟ್ ತಿರುಗಿಸುವುದು ಹೌಸಿಂಗಿನ ಚಕ್ರಗಳನ್ನು, ಅಂದರೆ ಹಿಂದಿನವನ್ನು. ಮುಂದಿನ ಟೈರು ಏನಾದರೂ ಮೀಟರಿಗೆ ಗೊತ್ತೇ ಆಗುವುದಿಲ್ಲ. ಆದರೆ ಮುಂದೊಂದು ಸೈಜು ಹಿಂದೊಂದು ಸೈಜು ಹಾಕಿದರೆ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ನೋಡಿಕೊಳ್ಳುವ ವ್ಯವಸ್ಥೆ) ಇರುವ ಗಾಡಿಯಲ್ಲಿ ಬೇರೆ ತೊಂದರೆ ಶುರುವಾಗಬಹುದು. ಹಿಂದಿನ ಜೋಡಿ ಟೈರಿನಲ್ಲಿ ಒಂದು ದೊಡ್ಡದು ಒಂದು ಚಿಕ್ಕದು ಇದ್ದರಂತೂ ದೊಡ್ಡದೇ ಭಾರವೆಲ್ಲ ಹೊತ್ತು ಸಾಯುತ್ತದೆ. ಕಂಪನಿ ಒಪ್ಪಿದ ಸೈಜು ಬಿಟ್ಟು ಬೇರೆ ಹಾಕಬೇಡಿ. ಮೀಟರ್ ಸರಿ ಮಾಡಬಹುದು, ಲೋಡು ತಡೆಯದ ಟೈರನ್ನು ನಾನು ಸರಿ ಮಾಡಲಾರೆ.

ಟೈರಿಗಿಂತ ದೊಡ್ಡ ಎಡವಟ್ಟು ಮಾಡುವುದು ಕ್ರೌನ್ ಪಿನಿಯನ್, ಅಂದರೆ ಶಾಫ್ಟಿನ ತಿರುಗನ್ನು ಹಿಂದಿನ ಚಕ್ರಕ್ಕೆ ದಾಟಿಸುವ ಹಲ್ಲಿನ ಗೇರ್ ಜೋಡಿ. ಹೈವೇಯಲ್ಲಿ ಓಡಲಿ ಎಂದು ಒಬ್ಬರು 41/6 (ಕ್ರೌನಿಗೆ 41 ಹಲ್ಲು, ಪಿನಿಯನ್ನಿಗೆ 6) ತೆಗೆದು 41/7 ಹಾಕಿಸಿದರು. ಪಿನಿಯನ್ನಿಗೆ ಒಂದು ಹಲ್ಲು ಜಾಸ್ತಿ, ಅಷ್ಟೇ. ಶಾಫ್ಟ್ ಅಷ್ಟೇ ತಿರುಗಿದರೂ ಚಕ್ರ ಆರರ ಜಾಗದಲ್ಲಿ ಏಳು ಸುತ್ತು ಹಾಕುತ್ತದೆ. ಮೀಟರ್ 60 ಅಂದರೆ ಗಾಡಿ 70. ಗವರ್ನರ್ ಕೂಡ ಅದೇ ಎಣಿಕೆ ನಂಬಿಕೊಂಡಿರುತ್ತದೆ. ಹಾಗಾಗಿ 80ಕ್ಕೆ ಕಟ್ಟಿದ ಗವರ್ನರ್ ಇಟ್ಟುಕೊಂಡೇ ಈ ಮನುಷ್ಯ 93ರವರೆಗೆ ಓಡಿಸಬಹುದಿತ್ತು. ನಾಲ್ಕು ಪಥದ ರಸ್ತೆಯಲ್ಲಿ ದಂಡದ ಚೀಟಿ ಬಂದ ಮೇಲೆ, ಗವರ್ನರ್ ಕೆಟ್ಟಿದೆ ಎಂದು ನನ್ನ ಹತ್ತಿರ ಬಂದರು. ಗವರ್ನರ್ ಪಾಪ, ತನಗೆ ಹೇಳಿದ್ದನ್ನು ನಿಯತ್ತಾಗಿ ಮಾಡುತ್ತಿತ್ತು. ಟ್ಯಾಂಕರ್, ಟಿಪ್ಪರ್, ಶಾಲಾ ಬಸ್ಸಿಗೆ ಗವರ್ನರ್ 60ಕ್ಕೇ ಇರಬೇಕು. ಅಂಥ ಗಾಡಿಯಲ್ಲಿ ಈ ಆಟ ಆಡಿದವರನ್ನು ನಾನು ಅಂಗಡಿಯೊಳಗೂ ಬಿಟ್ಟುಕೊಳ್ಳುವುದಿಲ್ಲ. ಗವರ್ನರಿನ ಸೀಲ್ ಒಡೆಯುವ ಕೆಲಸವನ್ನೂ ಕೇಳಬೇಡಿ.

ಇನ್ನು ಮೊಬೈಲ್ ಹಿಡಿದು ಬರುವವರ ವಿಷಯ. ಮೀಟರ್ 80, ಜಿಪಿಎಸ್ 77, ಸರಿ ಮಾಡಿ ಅನ್ನುತ್ತಾರೆ. ಅದು ಸರಿಯಾಗೇ ಇದೆ. ಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಬಾರದು. ಅದಕ್ಕೇ ಕಂಪನಿಯವರು ಸ್ವಲ್ಪ ಮುಂದೆಯೇ ಇಟ್ಟಿರುತ್ತಾರೆ. ಜಿಪಿಎಸ್ಸೇ ಜಾಸ್ತಿ ತೋರಿಸಿದರೆ ಮಾತ್ರ ಬನ್ನಿ. ನೋಡುವುದಿದ್ದರೆ ನೇರ ರಸ್ತೆಯಲ್ಲಿ ಒಂದೇ ವೇಗದಲ್ಲಿ ಒಂದೆರಡು ನಿಮಿಷ ಓಡಿಸಿ ನೋಡಿ. ಶಿರಾಡಿ ಘಾಟಿಯ ತಿರುವಿನಲ್ಲಿ ನೋಡಿದ್ದನ್ನು ನನಗೆ ತೋರಿಸಬೇಡಿ. ಕ್ಲೀನರ್ ನೋಡಲಿ, ಡ್ರೈವರ್ ಅಲ್ಲ.

ಮತ್ತೆ ನಮ್ಮ ಜಗಳಕ್ಕೆ ಬರೋಣ. ಮಾಲೀಕರಿಗೆ ಮಾತಿನಲ್ಲಿ ನಂಬಿಕೆ ಬರಲಿಲ್ಲ. ಲೋಡಿದ್ದ ಲಾರಿಯನ್ನೇ ಅಂಗಡಿ ಮುಂದೆ ನಿಲ್ಲಿಸಿ, ಗಾಳಿ ನೋಡಿ, ಹಿಂದಿನ ಟೈರಿಗೂ ನೆಲಕ್ಕೂ ಒಂದೇ ಕಡೆ ಚಾಕ್ ಗೆರೆ ಎಳೆದೆವು. ಹತ್ತು ಸುತ್ತು ನಿಧಾನಕ್ಕೆ ಮುಂದೆ ಬಿಟ್ಟು ಟೇಪ್ ಹಿಡಿದರೆ 32 ಮೀಟರ್ ಚಿಲ್ಲರೆ. ಮೂಲೆಯಲ್ಲಿ ಅದೇ 9.00 ಟೈರಿನ ಇನ್ನೊಂದು ಲಾರಿ ಇತ್ತು, ಅದೂ ಲೋಡಿನದ್ದೇ. ಅದನ್ನೂ ಹತ್ತು ಸುತ್ತು ಬಿಟ್ಟೆವು. 31 ಮುಟ್ಟಿತು, ಅಷ್ಟೇ. ಲೋಡಿಲ್ಲದೆ ಅಳೆಯಬೇಡಿ, ಭಾರ ಬಿದ್ದಾಗ ಟೈರು ಕೂರುತ್ತದೆ, ಲೆಕ್ಕ ಬೇರೆ ಬರುತ್ತದೆ.

ಮಾಲೀಕರು ಟೇಪ್ ನೋಡಿದರು, ಪುಸ್ತಕ ನೋಡಿದರು. ಹಿಡಿದ ಭತ್ಯೆಯ ದುಡ್ಡು ಜೇಬಿನಿಂದ ತೆಗೆದು ಕೊಟ್ಟರು. ಅದು ದೊಡ್ಡ ಮನಸ್ಸೇ, ಇಲ್ಲ ಅನ್ನಲಾರೆ.

ನಾನು ಅಷ್ಟಕ್ಕೇ ಸುಮ್ಮನಿರಬೇಕಿತ್ತು. ಉತ್ಸಾಹದಲ್ಲಿ ಇನ್ನೊಂದು ಮಾತು ಸೇರಿಸಿದೆ. ಟೈರು ಸವೆದರೂ ಇದೇ ಕಥೆ ಎಂದೆ. ಹೊಸ ಟೈರಿನ ಗೆರೆ ಪೂರ್ತಿ ಸವೆಯುವ ಹೊತ್ತಿಗೆ ಅಡ್ಡಳತೆ ಎರಡೂವರೆ ಸೆಂಟಿಮೀಟರಿನಷ್ಟು ಇಳಿದಿರುತ್ತದೆ. ಆಗ ಮೀಟರ್ ಸ್ವಲ್ಪ ಜಾಸ್ತಿ ಎಣಿಸುತ್ತದೆ, ಲೀಟರಿಗೆ ಜಾಸ್ತಿ ಕೊಟ್ಟ ಹಾಗೆ ಕಾಣುತ್ತದೆ.

ಮಾಲೀಕರು ಪುಸ್ತಕವನ್ನು ಹಿಂದಕ್ಕೆ ಹಿಂದಕ್ಕೆ ಮಗುಚಿದರು. ಹಳೆಯ 9.00 ಟೈರು ಬೋಳಾಗಿದ್ದ ತಿಂಗಳುಗಳ ಪುಟದಲ್ಲಿ ಬೆರಳಿಟ್ಟರು. ಅಲ್ಲೂ ಲೀಟರಿಗೆ ಸರಿಯಾಗಿ 4, ಒಂದು ಚೂರೂ ಜಾಸ್ತಿ ಇಲ್ಲ.

"ಹಂಗಾದ್ರೆ ಮೇಸ್ತ್ರಿ," ಎಂದರು ನಿಧಾನಕ್ಕೆ, "ಆಗ ಉಳೀಬೇಕಿದ್ದ ಡೀಸೆಲ್ ಎಲ್ಲಿ ಹೋಯ್ತು?"

ತಿರುಗಿ ನೋಡಿದರೆ ಡ್ರೈವರ್ ಇರಲಿಲ್ಲ. ಚಹಾ ಹೇಳಿ ಬರ್ತೀನಿ ಅಂತ ಕ್ಲೀನರಿಗೆ ಹೇಳಿ ಹೋಗಿದ್ದ.