ಒಂದೇ ಆಘಾತಕ್ಕೆ ತಲೆ ಕೆಡುತ್ತಾ?

ಓದುಗರ ಪ್ರಶ್ನೆ: ಸಿನಿಮಾದಲ್ಲಿ ಒಂದು ಕೆಟ್ಟ ಸುದ್ದಿ ಕೇಳಿದ್ದೇ ತಡ, ಮನುಷ್ಯನಿಗೆ ತಲೆ ಕೆಡುತ್ತದೆ. ನಿಜಕ್ಕೂ ಹಾಗಾಗುತ್ತಾ? ಆಗುವುದಾದರೆ ಡಾಕ್ಟರುಗಳು ಅದಕ್ಕೆ ಏನಂತಾರೆ?

ಆಗುತ್ತದೆ, ಸಿನಿಮಾದಷ್ಟು ಸಲೀಸಾಗಿ ಅಲ್ಲ. ಅದಕ್ಕೆ ಏನಂತಾರೆ ಅನ್ನುವುದು ಮಾತ್ರ ರೋಗಿ ಯಾವ ದೇಶದವನು, ಯಾವ ಕಾಲದವನು ಅನ್ನುವುದರ ಮೇಲೆ ನಿಂತಿತ್ತು. 1950–60ರ ದಶಕದಲ್ಲಿ ಡೆನ್ಮಾರ್ಕ್ ಅಥವಾ ನಾರ್ವೆಯಲ್ಲಿ ಆಗಿದ್ದರೆ 'ರಿಯಾಕ್ಟಿವ್ ಸೈಕೋಸಿಸ್', ಅಂದರೆ ಆಘಾತಕ್ಕೆ ಪ್ರತಿಕ್ರಿಯೆಯಾಗಿ ಬಂದ ಹುಚ್ಚು ಅಂತ ಬರೆಯುತ್ತಿದ್ದರು. ಅದೇ ರೋಗಿ ಅಮೆರಿಕದಲ್ಲಿದ್ದರೆ ಸ್ಕಿಜೋಫ್ರೇನಿಯಾ (ಭ್ರಮೆ, ಇಲ್ಲದ ದನಿಗಳು ಕಾಡುವ, ಸಾಮಾನ್ಯವಾಗಿ ದೀರ್ಘಕಾಲ ಉಳಿಯುವ ಕಾಯಿಲೆ) ಅನ್ನಿಸಿಕೊಳ್ಳುವ ಸಾಧ್ಯತೆ ಜಾಸ್ತಿ ಇತ್ತು.

ರಿಯಾಕ್ಟಿವ್ ಸೈಕೋಸಿಸ್ ಎಂಬ ಕಲ್ಪನೆಯ ಬೇರು ಡೆನ್ಮಾರ್ಕಿನ ರೋಸ್ಕಿಲ್ಡೆ ಊರಿನ ಸಾಂಕ್ಟ್ ಹಾನ್ಸ್ ಆಸ್ಪತ್ರೆಯಲ್ಲಿದೆ. ಆಸ್ಪತ್ರೆಗೆ ನೂರು ವರ್ಷ ತುಂಬಿದಾಗ, 1916ರಲ್ಲಿ, ಆಗಸ್ಟ್ ವಿಮ್ಮರ್ ಎಂಬ ವೈದ್ಯರು ಮನಸ್ಸಿಗಾದ ಪೆಟ್ಟಿನಿಂದ ಹುಟ್ಟುವ ಹುಚ್ಚಿನ ಬಗ್ಗೆ ದೀರ್ಘ ಪ್ರಬಂಧ ಬರೆದರು. ಹಿಂದೆಯೇ ಜರ್ಮನಿಯ ಮನೋವೈದ್ಯ ಕಾರ್ಲ್ ಯಾಸ್ಪರ್ಸ್ ಇಂಥ ಕಾಯಿಲೆಗೆ ಹೇಳಿದ್ದ ಗುರುತುಗಳು ಅವರ ಕೈಯಲ್ಲಿದ್ದವು.

ಸುಮ್ನೆ ಒಬ್ಬ ಗುಮಾಸ್ತನನ್ನು ಊಹಿಸಿಕೊಳ್ಳಿ. ಅಂಗಡಿಯ ಗಲ್ಲಾಪೆಟ್ಟಿಗೆಯ ದುಡ್ಡು ಕದ್ದ ಅಂತ ಅವನ ಮೇಲೆ ಆರೋಪ ಬರುತ್ತದೆ. ಮೂರು ರಾತ್ರಿ ನಿದ್ದೆಯಿಲ್ಲ. ನಾಲ್ಕನೆಯ ದಿನ ಕಿಟಕಿಯಾಚೆ ಹೋಗುವವರೆಲ್ಲ 'ಕಳ್ಳ, ಕಳ್ಳ' ಅನ್ನುವುದು ಅವನಿಗೆ ಕೇಳಿಸುತ್ತದೆ. ಆಮೇಲೆ ಲೆಕ್ಕದಲ್ಲೇ ತಪ್ಪಾಗಿತ್ತು ಅಂತ ಗೊತ್ತಾಗುತ್ತದೆ. ಕೆಲವು ವಾರಗಳಲ್ಲಿ ದನಿಗಳು ನಿಲ್ಲುತ್ತವೆ. ಪೆಟ್ಟು ಬಿದ್ದ ಬೆನ್ನಲ್ಲೇ ಕಾಯಿಲೆ ಬಂತು. ಭ್ರಮೆಯಲ್ಲಿ ಕೇಳಿದ್ದೂ ಅದೇ ಪೆಟ್ಟಿನ ಮಾತು. ಪೆಟ್ಟು ಹೋದ ಮೇಲೆ ಕಾಯಿಲೆಯೂ ಹೋಯಿತು. ಯಾಸ್ಪರ್ಸ್ ಕೇಳಿದ್ದ ಮೂರೂ ಗುರುತು ಇಲ್ಲಿವೆ.

ಇಲ್ಲೇ ತಕರಾರು ಶುರುವಾಗುವುದು. ಅದೇ ಆರೋಪ ಹೊತ್ತ ಇನ್ನೊಬ್ಬ ಬೈದು, ಕುಡಿದು ಮಲಗುತ್ತಾನೆ. ಹಾಗಾದರೆ ಕಾರಣ ಆರೋಪವೋ, ಅವನ ಸ್ವಭಾವವೋ? ಎರಡೂ ಅಂದರು ಡೇನರು (ಡೆನ್ಮಾರ್ಕಿನವರು). ಇನ್ನೊಂದು ತೊಡಕೂ ಇದೆ. ಕೆದಕುತ್ತಾ ಹೋದರೆ ಯಾರ ಬದುಕಲ್ಲಾದರೂ ಒಂದು ಆಘಾತ ಸಿಕ್ಕೇ ಸಿಗುತ್ತದೆ, ಅಲ್ವಾ?

ಇದು ನಿಜಕ್ಕೂ ಬೇರೆಯೇ ಕಾಯಿಲೆಯೋ ಅಂತ ಪರೀಕ್ಷಿಸಲು ಒಂದೇ ದಾರಿ: ವರ್ಷಗಟ್ಟಲೆ ರೋಗಿಯ ಬೆನ್ನುಹತ್ತುವುದು. ಚಿಕ್ಕ ದೇಶ, ಅಚ್ಚುಕಟ್ಟಾದ ಜನನ-ಮರಣ ದಾಖಲೆ. ಈ ಕೆಲಸಕ್ಕೆ ಸ್ಕ್ಯಾಂಡಿನೇವಿಯಾಕ್ಕಿಂತ ಒಳ್ಳೇ ಜಾಗ ಆಗ ಇರಲಿಲ್ಲ ಅಂತ ನನಗನ್ನಿಸುತ್ತದೆ. ಡೆನ್ಮಾರ್ಕಿನಲ್ಲಿ 1938ರಿಂದ ಮಾನಸಿಕ ರೋಗಿಗಳ ರಾಷ್ಟ್ರೀಯ ದಾಖಲೆ ಇತ್ತು. ಪೌಲ್ ಫೇರ್ಗಮಾನ್ ಎಂಬ ವೈದ್ಯರು 1945ರಲ್ಲಿ ವಿಮ್ಮರ್ ಕಾಲದ ರೋಗಿಗಳನ್ನೇ ಮತ್ತೆ ಹುಡುಕಿ ನೋಡಿದರು. ಹಲವರ ವಿಷಯದಲ್ಲಿ ವಿಮ್ಮರ್ ಹೇಳಿದ್ದು ನಿಂತಿತು. ಕೆಲವರದ್ದು ಸ್ಕಿಜೋಫ್ರೇನಿಯಾ ಅಂತ ತಿದ್ದಬೇಕಾಯಿತು.

ನಾರ್ವೆಯ ಓಸ್ಲೋದ ಮನೋವೈದ್ಯ ಗೇಬ್ರಿಯಲ್ ಲಾಂಗ್‌ಫೆಲ್ಟ್ ಇದೇ ಗಂಟನ್ನು ಇನ್ನೊಂದು ಕಡೆಯಿಂದ ಬಿಚ್ಚಿದರು. ನೋಡಲು ಸ್ಕಿಜೋಫ್ರೇನಿಯಾದಂತಿದ್ದು, ದಿಢೀರ್ ಬಂದು, ಎಷ್ಟೋ ಸಲ ಗುಣವಾಗುವ ಕಾಯಿಲೆಗಳನ್ನು 1939ರಲ್ಲಿ 'ಸ್ಕಿಜೋಫ್ರೆನಿಫಾರ್ಮ್' ಅಂತ ಬೇರೆ ಇಟ್ಟರು. 1980ರಲ್ಲಿ ಅಮೆರಿಕದವರು ತಮ್ಮ ಮನೋರೋಗಗಳ ಪಟ್ಟಿಗೆ ಪದವನ್ನೇನೋ ತೆಗೆದುಕೊಂಡರು, ಅರ್ಥ ಬಿಟ್ಟರು. ಅವರಿಗೆ ಅದು ಆರು ತಿಂಗಳೊಳಗಿನ ಕಾಯಿಲೆ, ಅಷ್ಟೇ.

ವಿಶ್ವ ಆರೋಗ್ಯ ಸಂಸ್ಥೆ ರೋಗಗಳಿಗೆಲ್ಲ ಸಂಖ್ಯೆ ಕೊಟ್ಟು ಮಾಡುವ ರೋಗಪಟ್ಟಿಯ ಎಂಟನೆಯ ಆವೃತ್ತಿಯಲ್ಲಿ ರಿಯಾಕ್ಟಿವ್ ಸೈಕೋಸಿಸ್‌ಗೆ 298 ಎಂಬ ಸಂಖ್ಯೆಯಡಿ ಜಾಗ ಸಿಕ್ಕಿತ್ತು. ಡೆನ್ಮಾರ್ಕಿನ ಆರ್ಹಸ್ ಊರಿನ ಮನೋವೈದ್ಯ ಎರಿಕ್ ಸ್ಟ್ರೋಮ್‌ಗ್ರೆನ್ ಈ ರೋಗನಿರ್ಣಯದ ದೊಡ್ಡ ವಕೀಲ. ಅದೇ ಸಂಸ್ಥೆಯ ಸ್ಕಿಜೋಫ್ರೇನಿಯಾ ಅಧ್ಯಯನದ ಒಂಬತ್ತು ಕೇಂದ್ರಗಳಲ್ಲಿ ಆರ್ಹಸ್ ಒಂದು, ನಮ್ಮ ಆಗ್ರಾ ಇನ್ನೊಂದು. ಎರಡು ವರ್ಷ ಬಿಟ್ಟು ನೋಡಿದಾಗ ಚೆನ್ನಾಗಿ ಚೇತರಿಸಿಕೊಂಡವರು ಆರ್ಹಸ್‌ಗಿಂತ ಆಗ್ರಾದಲ್ಲೇ ಜಾಸ್ತಿ.

ಡೇನರು ಎಂಟನೆಯ ಪಟ್ಟಿಯನ್ನು 1993ರ ಕೊನೆಯವರೆಗೂ ಬಿಡಲಿಲ್ಲ. ಒಂಬತ್ತನೆಯದನ್ನು ಹಾರಿ ಸೀದಾ ಹತ್ತಕ್ಕೆ ಹೋದರು. ಹತ್ತರಲ್ಲಿ 'ದಿಢೀರ್ ಬಂದು ಹೋಗುವ ಸೈಕೋಸಿಸ್' ಇದೆ. ಆಘಾತ ಇತ್ತೋ ಇಲ್ಲವೋ ಅನ್ನುವುದು ಸಂಖ್ಯೆಯ ಕೊನೆಯಲ್ಲಿ ಸೇರಿಸುವ ಒಂದು ಅಂಕಿ, ಅಷ್ಟೇ. ನಮ್ಮ ಗುಮಾಸ್ತನ ಕಳ್ಳತನದ ಕಥೆಗೆಲ್ಲ ಅಲ್ಲಿ ಉಳಿದಿರುವುದು ಆ ಒಂದಂಕಿಯ ಜಾಗ.