ಪ್ಯಾಟರ್ನ್ ಇದ್ದರೆ ಸಾಲದು, ಸಿಮ್‌ಗೂ ಲಾಕ್ ಹಾಕಿ

ಫೋನ್ ಕಳೆದುಕೊಂಡು ಮೈಸೂರಿನ ನಮ್ಮ ಸರ್ವಿಸ್ ಅಂಗಡಿಗೆ ಬರುವವರು ಹೆಚ್ಚಾಗಿ ಕೇಳುವುದು ಒಂದೇ: ‘ಪ್ಯಾಟರ್ನ್ ಹಾಕಿದ್ದೆ ಸಾರ್, ಏನೂ ಆಗಲ್ಲ ತಾನೇ?’ ಜಂಬೂ ಸವಾರಿಯ ನೂಕುನುಗ್ಗಲಿನಲ್ಲೋ, ಬಸ್ ಹತ್ತುವ ಗಡಿಬಿಡಿಯಲ್ಲೋ ಜೇಬಿನಿಂದ ಹೋಗಿರುತ್ತದೆ. ಪ್ಯಾಟರ್ನ್ ಕಾಯುವುದು ಫೋನನ್ನು, ಸಿಮ್ಮನ್ನಲ್ಲ ಎಂದರೆ ಅವರ ಮುಖ ಬಾಡುತ್ತದೆ.

ಸಿಮ್ ತೆಗೆದು ಇನ್ನೊಂದು ಫೋನಿಗೆ ಹಾಕಿದರೆ ನಿಮ್ಮ ಒಟಿಪಿಗಳೆಲ್ಲ ಕಳ್ಳನ ಕೈಗೆ. ಯುಪಿಐನಲ್ಲಿ ಹೊಸ ಪಿನ್ ಇಡಲು ಕೇಳುವುದು ಡೆಬಿಟ್ ಕಾರ್ಡಿನ ಕೊನೆಯ 6 ಅಂಕಿ, ಅವಧಿ ಮುಗಿಯುವ ತಿಂಗಳು, ವರ್ಷ ಮತ್ತು ಒಟಿಪಿ. ಕೆಲವು ಬ್ಯಾಂಕುಗಳು ಎಟಿಎಂ ಪಿನ್ನನ್ನೂ ಕೇಳುತ್ತವೆ. ಈಗ ನಿಮ್ಮ ಫೋನಿನ ಕವರ್ ಬಿಚ್ಚಿ ನೋಡಿ. ಟೆಂಪರ್ಡ್ ಗ್ಲಾಸ್ ಹಾಕಿಸಲು ಬಂದವರ ಕವರ್ ತೆಗೆದರೆ ಎಟಿಎಂ ಕಾರ್ಡು, ನಾಲ್ಕು ಮಡಿಕೆಯ ಆಧಾರ್ ಜೆರಾಕ್ಸು, ಕೆಲವೊಮ್ಮೆ ಪಿನ್ ಬರೆದ ಚೀಟಿಯೂ ನನ್ನ ಟೇಬಲ್ ಮೇಲೆ ಬೀಳುತ್ತವೆ. ಎಲ್ಲವನ್ನೂ ಒಂದೇ ಕಡೆ ಇಟ್ಟು ಕಳ್ಳನಿಗೆ ಕೊಟ್ಟಂತೆ. ದಯವಿಟ್ಟು ಇವತ್ತೇ ತೆಗೆದು ಬೇರೆ ಇಡಿ.

ಸಿಮ್ ಲಾಕ್ ಫೋನಿನ ಸೆಟ್ಟಿಂಗ್ಸ್‌ನಲ್ಲೇ ಇದೆ. ಅಲ್ಲಿ ‘ಸಿಮ್ ಲಾಕ್’ ಎಂದು ಹುಡುಕಿದರೆ ಸಿಗುತ್ತದೆ. ಹಾಕಿದ ಮೇಲೆ ಫೋನ್ ಆನ್ ಮಾಡಿದಾಗ, ಸಿಮ್ಮನ್ನು ಬೇರೆ ಫೋನಿಗೆ ಹಾಕಿದಾಗ ಪಿನ್ ಕೇಳುತ್ತದೆ. ಒಂದು ಎಚ್ಚರಿಕೆ: ಮೊದಲ ಸಲ ಸಿಮ್ ಕಂಪನಿ ಇಟ್ಟಿರುವ ಪಿನ್ನನ್ನೇ ಕೊಡಬೇಕು. ಅಂದಾಜಿನಲ್ಲಿ ಒತ್ತಬೇಡಿ. ಮೂರು ಸಲ ತಪ್ಪಿದರೆ ಲಾಕ್ ಆದ ಸಿಮ್ ಬಿಡಿಸುವ ಪಿಯುಕೆ ಕೋಡ್ ಕೇಳುತ್ತದೆ; ಅದನ್ನೂ ಹತ್ತು ಸಲ ತಪ್ಪಾಗಿ ಕೊಟ್ಟರೆ ಆ ಸಿಮ್ ಕೆಲಸಕ್ಕೆ ಬರುವುದಿಲ್ಲ. ಕಸ್ಟಮರ್ ಕೇರ್‌ನಲ್ಲಿ ಕೇಳಿಕೊಂಡೇ ಶುರುಮಾಡಿ, ತಕ್ಷಣ ನಿಮ್ಮದೇ ಪಿನ್ ಇಡಿ. ವಯಸ್ಸಾದವರು ಮರೆಯುವ ಭಯಕ್ಕೆ ಇದನ್ನು ಬಿಟ್ಟುಬಿಡುತ್ತಾರೆ. ಮನೆಯ ಡೈರಿಯಲ್ಲಿ ಬರೆದಿಡಿ ಅಮ್ಮಾ, ಕವರ್‌ನೊಳಗೆ ಮಾತ್ರ ಬೇಡ.

ಲಾಕ್ ಸ್ಕ್ರೀನ್ ಮೇಲೆ ಮೆಸೇಜಿನ ಒಕ್ಕಣೆ ಕಾಣದಂತೆಯೂ ಮಾಡಿ. ಇಲ್ಲದಿದ್ದರೆ ಒಟಿಪಿ ಓದಲು ಸಿಮ್ ತೆಗೆಯುವ ಶ್ರಮವೂ ಬೇಕಿಲ್ಲ.

ಫೋನ್ ಹೋಯಿತೆಂದು ಗೊತ್ತಾದ ಕೂಡಲೇ ಜನ ತಮ್ಮ ನಂಬರಿಗೇ ರಿಂಗ್ ಕೊಡುತ್ತಾ ಅರ್ಧ ದಿನ ಕಳೆಯುತ್ತಾರೆ. ಒಂದೆರಡು ಸಲ ಸಾಕು. ಮನೆಯವರ ಫೋನಿನಿಂದ ಮೊದಲು ಸಿಮ್ ಬ್ಲಾಕ್ ಮಾಡಿಸಿ, ಆಮೇಲೆ ಬ್ಯಾಂಕಿಗೆ ತಿಳಿಸಿ. ದುಡ್ಡು ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆಮಾಡಲು ಒಂದು ನಿಮಿಷವೂ ತಡಮಾಡಬೇಡಿ. ಹಣ ಇನ್ನೊಂದು ಖಾತೆಯಿಂದ ಮುಂದಕ್ಕೆ ಹೋಗುವ ಮೊದಲು ತಡೆಯಲು ಸಾಧ್ಯವಾಗುವುದು ಬೇಗ ಹೇಳಿದಾಗಲೇ. ಪೊಲೀಸ್ ದೂರಿನ ಪ್ರತಿ ಸಿಕ್ಕ ಮೇಲೆ ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐ ನಂಬರ್ ಕೊಟ್ಟು ಹ್ಯಾಂಡ್‌ಸೆಟ್ಟನ್ನೇ ಬ್ಲಾಕ್ ಮಾಡಿಸಬಹುದು. ಆ ನಂಬರ್ ಫೋನಿನ ಬಾಕ್ಸ್ ಮೇಲಿರುತ್ತದೆ. ಬಾಕ್ಸ್ ಎಸೆದಿದ್ದರೆ ಈಗಲೇ *#06# ಒತ್ತಿ ಬರೆದುಕೊಳ್ಳಿ. ಮುಂದೆ ಫೋನ್ ಸಿಕ್ಕರೆ ಅದೇ ಪೋರ್ಟಲ್‌ನಲ್ಲಿ ಅನ್‌ಬ್ಲಾಕ್ ಮಾಡಿಸಿದ ಮೇಲಷ್ಟೇ ಸಿಮ್ ಹಾಕಿ.