ಕಲ್ಲುಕೋಳಿ ಸಾಕಿದರೆ ಬೆಟ್ಟದ ಕಪ್ಪೆ ಉಳಿದೀತೇ?

ಪ್ರಶ್ನೆ: ಚೀನೀಯರು 'ಕಲ್ಲುಕೋಳಿ' ಎಂದು ಕರೆದು ತಿನ್ನುವ ಮುಳ್ಳೆದೆ ಕಪ್ಪೆಯನ್ನು ಫಾರಂಗಳಲ್ಲೇ ಸಾಕುತ್ತಾರಂತೆ. ಮತ್ತೆ ಅದರ ಬಗ್ಗೆ ಇಷ್ಟೊಂದು ಆತಂಕ ಯಾಕೆ?

ಉತ್ತರ: ಇದೇ ಪ್ರಶ್ನೆ ಎಷ್ಟನೇ ಸಲವೋ, ಲೆಕ್ಕ ಬಿಟ್ಟಿದ್ದೇನೆ. ಯಾವ ಜೀವಿ ಎಷ್ಟು ಅಪಾಯದಲ್ಲಿದೆ ಎಂದು ಗುರುತಿಸುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಪಟ್ಟಿಯಲ್ಲಿ ಈ ಕಪ್ಪೆ 'ಅಳಿವಿನಂಚಿನ' ವರ್ಗಕ್ಕೆ ಒಂದೇ ಮೆಟ್ಟಿಲು ಹಿಂದಿದೆ. ಅಷ್ಟು ಸಾಕಲ್ಲ.

ಇನ್ನು ಸಾಕಣೆ. ನಿಮ್ಮ ಬೀದಿಯಲ್ಲೇ ಫಾರಂ ಕೋಳಿ ಅಂಗಡಿ ಇದೆ. ಅದರಿಂದ ನಾಟಿ ಕೋಳಿ ಬೇಡವೆಂದವರು ಯಾರಾದರೂ ಇದ್ದಾರೆಯೇ? ದುಪ್ಪಟ್ಟು ಕೊಟ್ಟು ಒಯ್ಯುತ್ತಾರೆ. ಚೀನಾದಲ್ಲಿಯೂ 'ಬೆಟ್ಟದ್ದು' ಅಂದರೆ ಗಿರಾಕಿಯ ಕಣ್ಣು ಅರಳುತ್ತದೆ. ಈ ಕಪ್ಪೆಗೆ ತಣ್ಣಗೆ ಹರಿಯುವ ಶುದ್ಧ ನೀರು ಬೇಕು, ಬೆಳೆಯಲು ವರ್ಷಗಳೇ ಬೇಕು. ರಾತ್ರಿ ಬ್ಯಾಟರಿ ಹಿಡಿದು ತೊರೆಗಿಳಿದವನಿಗೆ ಅದೇ ಕಪ್ಪೆ ಪುಕ್ಕಟೆ. ತಟ್ಟೆಗೆ ಬಂದ ಮೇಲೆ ಯಾವುದು ಫಾರಂನದು, ಯಾವುದು ಝರಿಯದು, ಹೇಳುವವರು ಯಾರು? ಫಾರಂ ಶುರುಮಾಡಲು ಬೇಕಾದ ತಾಯಿ ಕಪ್ಪೆಗಳೂ ಮೊದಲಿಗೆ ಬೆಟ್ಟದಿಂದಲೇ ಬರಬೇಕು, ಇದನ್ನು ಮಾತ್ರ ಎಲ್ಲರೂ ಮರೆಯುತ್ತಾರೆ.

ಇನ್ನೂ ನಂಬಿಕೆ ಬಾರದಿದ್ದರೆ ಅದೇ ದೇಶದ ದೈತ್ಯ ಸಲಮಾಂಡರ್ ನೋಡಿ, ಹೊಳೆಯಲ್ಲಿ ಬಾಳುವ, ಹಲ್ಲಿಯಂತೆ ಕಾಣುವ ಕಪ್ಪೆಯ ನೆಂಟ. ಫಾರಂಗಳಲ್ಲಿ ತುಂಬಿ ತುಳುಕುತ್ತಿದ್ದ ಪ್ರಾಣಿ. 2018ರಲ್ಲಿ ಪ್ರಕಟವಾದ ಸಮೀಕ್ಷೆ ಹೊಳೆಹೊಳೆ ಹುಡುಕಿದರೂ ಕಂಡದ್ದು ಬೆರಳೆಣಿಕೆಯ ಜಾಗಗಳಲ್ಲಿ. ಒಂದೇ ಜಾತಿ ಎಂದುಕೊಂಡಿದ್ದು ಹಲವು ಜಾತಿಗಳೆಂದೂ ಆ ವರ್ಷವೇ ತಿಳಿಯಿತು. ಅಷ್ಟರಲ್ಲಿ ಫಾರಂನವನ್ನು ಕಂಡಕಂಡ ಹೊಳೆಗೆ ಬಿಟ್ಟು ಕಲಬೆರಕೆಯೂ ಆಗಿತ್ತು. ಸಾಕಣೆ ವ್ಯಾಪಾರ, ಸಂರಕ್ಷಣೆಯಲ್ಲ.

ಎದೆಯ ಮುಳ್ಳು ವಿಷದ್ದಲ್ಲ, ಅದನ್ನೂ ಹೇಳಿಬಿಡುತ್ತೇನೆ. ಗಂಡಿಗೆ ಮಾತ್ರ ಇರುವ ಆ ಗಟ್ಟಿ ಕರಿಮುಳ್ಳುಗಳು ಕೂಡುವಾಗ ಜಾರುವ ಹೆಣ್ಣನ್ನು ಬಿಗಿಯಾಗಿ ಹಿಡಿಯಲಿಕ್ಕೆ. 1875ರಲ್ಲಿ ಇದಕ್ಕೆ ವೈಜ್ಞಾನಿಕ ಹೆಸರಿಟ್ಟ ಫ್ರೆಂಚ್ ಪಾದ್ರಿ ಅರ್ಮಾಂ ಡೇವಿಡ್ ಆ ಮುಳ್ಳನ್ನೇ ಹೆಸರಾಗಿಸಿದ. ಪಾಂಡಾವನ್ನು ಯುರೋಪಿಗೆ ಪರಿಚಯಿಸಿದವನೂ ಅವನೇ.

ಕಪ್ಪೆಗೂ ಕೋಳಿಯ ಹೆಸರೇ? ನೀವು ಕೇಳಲಿಲ್ಲ, ಇರಲಿ. ಚೀನೀಯರು ಇದನ್ನು 'ಕಲ್ಲುಕೋಳಿ' ಅನ್ನುತ್ತಾರೆ. ಜಿಯಾಂಗ್‌ಶಿ ಪ್ರಾಂತ್ಯದ ಲುಶಾನ್ ಬೆಟ್ಟದಲ್ಲಿ ಕಲ್ಲುಕೋಳಿ, ಕಲ್ಲುಮೀನು, ಕಲ್ಲುಕಿವಿ ಎಂಬ ಕಲ್ಲುಹೂವು, ಈ ಮೂರೂ ಪ್ರವಾಸಿಗರ ಊಟದ ಹೆಮ್ಮೆ. ನಗಬೇಡಿ. ನಮ್ಮ ಪಕ್ಕದ ಗೋವಾದಲ್ಲಿ ಗೂಳಿಕಪ್ಪೆಗೆ 'ಜಂಪಿಂಗ್ ಚಿಕನ್' ಅಂತಲೇ ಹೆಸರು. ಭಾರತ ಕಪ್ಪೆಕಾಲಿನ ರಫ್ತು ನಿಲ್ಲಿಸಿದ್ದು 1987ರಲ್ಲಿ. ಹಿಡಿಯುವುದು ಅಪರಾಧವೂ ಹೌದು. ಆದರೂ ಮೊದಲ ಮಳೆ ಬಿದ್ದ ರಾತ್ರಿ ಅಲ್ಲಿನ ಗದ್ದೆಗಳಲ್ಲಿ ಬ್ಯಾಟರಿ ಬೆಳಕು ಓಡಾಡುತ್ತದೆ.